ಕಾಶಪ್ಪನ ಮನೆಯ ಹಾಸಿಗೆ

ಅದು ಅವ್ವನ ಕೌದಿ ಆಗಿರಲಿಕ್ಕಿಲ್ಲ. ನೀಲಿ ಚೌಕಳಿಯ ಅಂಗಿ ತೊಟ್ಟು ಶಾಲೆಗೆ ಹೋದವನು ತಾನೊಬ್ಬನೇ ಅಲ್ಲ. ಆ ಶಾಲೆಯ ಹುಡುಗರೆಲ್ಲ ಅದನ್ನೇ ತೊಡುತ್ತಿದ್ದರು, ಹರಿದ ಮೇಲೆ ಅವರ ಅವ್ವಂದಿರೆಲ್ಲ ಅದನ್ನು ಕತ್ತರಿಸಿ ಕೌದಿಗೆ ಹಚ್ಚಿರಬೇಕು. ಅಷ್ಟಕ್ಕೂ ಗಂಟಿನ ಮೂಲೆಯಲ್ಲಿ ಆ ತುಂಡು ಕಂಡದ್ದೇ ಖಾತ್ರಿಯಿಲ್ಲ. ಕಸ ಎತ್ತುವ ಹುಲ್ಲಪ್ಪ ಕೊಕ್ಕೆ ಹಾಕಿ ಎತ್ತಿದಾಗ ಹಾಸಿಗೆಯ ಗಂಟು ಒಮ್ಮೆ ಗಾಳಿಯಲ್ಲಿ ತಿರುಗಿತು, ಅಷ್ಟೇ. ಮರುಕ್ಷಣ ಕಸದ ಟ್ರ್ಯಾಕ್ಟರಿನೊಳಗೆ ಬಿತ್ತು, ಅದರ ಮೇಲೆ ಮತ್ತಷ್ಟು ಕಸ ಬಿತ್ತು. ತಡೆದು ನೋಡಬಹುದಿತ್ತು. ನೋಡಲಿಲ್ಲ. ಈಗ ಶಿವಪುತ್ರನನ್ನು ಹೆದರಿಸುತ್ತಿದ್ದುದು ಅದೇ. ಪರರ ಗಂಟಾಗಿದ್ದರೆ ನೋಡಲು ತನಗೆ ಹಿಂಜರಿಕೆ ಏಕೆ ಬರಬೇಕಿತ್ತು?

ಅವನು ಓದಿದ್ದು ಇತಿಹಾಸ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕೋಣೆ ಮಾಡಿಕೊಂಡು ಪದವಿ ಮುಗಿಸಿ ಬಂದವನಿಗೆ ಊರಿನ ಸ್ವಚ್ಛತೆಯ ಕಚೇರಿಯಲ್ಲಿ ಗುತ್ತಿಗೆಯ ಮೇಲ್ವಿಚಾರಕನ ಕೆಲಸ ಸಿಕ್ಕಿತ್ತು. ಕಸ ಬೀಳುವ ಜಾಗಗಳನ್ನು ಬೆಳಿಗ್ಗೆ ಸುತ್ತಿ ನೋಡುವುದು, ಹಾಕಿದವರನ್ನು ಪತ್ತೆಹಚ್ಚಿ ನೋಟೀಸು ಕೊಡುವುದು. ರಸ್ತೆಯ ಮೇಲೆ ಎಸೆದರೂ ದಂಡ, ಮತ್ತೊಬ್ಬರ ಖಾಲಿ ಜಾಗದಲ್ಲಿ ಎಸೆದರೂ ದಂಡ, ತನ್ನ ಜಾಗದಲ್ಲಿ ಬಿದ್ದ ಕಸವನ್ನು ಹಾಗೇ ಬಿಟ್ಟರೆ ಮಾಲೀಕನಿಗೂ ದಂಡ. ಈ ಮಾತುಗಳನ್ನು ಅವನ ದನಿಯಲ್ಲೇ ಮುದ್ರಿಸಿಕೊಂಡು ಕಸದ ಗಾಡಿಗಳು ಓಣಿ ಓಣಿ ತಿರುಗುತ್ತಿದ್ದವು. ಹಾಸಿಗೆ ಹಿಡಿದು ಮಲಗಿದ್ದ ಅವ್ವ ಕೊನೆಯ ದಿನಗಳಲ್ಲಿ ಆ ದನಿ ಕೇಳಿದೊಡನೆ ಬಾಗಿಲ ಕಡೆ ಮುಖ ಮಾಡಿ, ಶಿವೂ ಬಂದ, ನೀರು ಕೊಡು ಅನ್ನುತ್ತಿದ್ದಳಂತೆ. ಗಾಡಿ ಮುಂದೆ ಹೋದ ಮೇಲೂ ಬಾಗಿಲನ್ನೇ ನೋಡುತ್ತಿದ್ದಳಂತೆ. ದೊಡ್ಡವ್ವ ಬಾಳವ್ವ ಅದನ್ನು ಹೇಳಿದ್ದು ಅವ್ವ ಹೋದ ಮೇಲೆ.

ಹುನಗುಂದದ ರಸ್ತೆಯ ಬದಿಗೆ, ಹಿಂದೆ ಊರು ಮುಗಿಯುತ್ತಿದ್ದ ಕಡೆ, ಸೀರೆ ವ್ಯಾಪಾರಿ ಸುನೀಲಕುಮಾರನ ಖಾಲಿ ಜಾಗವಿದೆ. ಈಗ ಅದರಾಚೆಗೂ ಮನೆಗಳೆದ್ದಿವೆ. ಆದರೆ ಸತ್ತವರ ಮಟ್ಟಿಗೆ ಸೀಮೆ ಇನ್ನೂ ಅದೇ. ಹೆಣ ಎತ್ತಿದ ದಿನವೇ ಸತ್ತವರ ಗಾದಿ, ದಿಂಬು, ಕೌದಿಗಳನ್ನು ಗಂಟು ಕಟ್ಟಿ ಸೀಮೆಗೆ ಎಸೆದು, ಹಿಂದಕ್ಕೆ ತಿರುಗಿ ನೋಡದೆ ಬಂದು, ಕಾಲು ತೊಳೆದುಕೊಂಡು ಒಳಗೆ ಹೋಗುವುದು ಇಲ್ಲಿಯ ರೂಢಿ. ಹಾಸಿಗೆ ಮನೆಯಲ್ಲೇ ಉಳಿದರೆ ಹೋದವರು ಮಲಗಲು ತಿರುಗಿ ಬರುತ್ತಾರೆ. ಕಸದ ಗಾಡಿಗೆ ಕೊಡಿ ಎಂದು ಕಚೇರಿ ಎಷ್ಟು ಸಲ ಹೇಳಿದರೂ, ಸತ್ತವರ ಹಾಸಿಗೆಯನ್ನು ಹೊಸ್ತಿಲ ಮುಂದಿಟ್ಟುಕೊಂಡು ಗಾಡಿಗೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಬೆಳಿಗ್ಗೆ ಸುನೀಲಕುಮಾರ ಅಲ್ಲೇ ನಿಂತಿದ್ದ. ಕಳೆದ ಸಲ ಅವನಿಗೇ ನೋಟೀಸು ಹೋಗಿತ್ತು. ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಜಾಗಾ ನಂದು, ಹಾಸಿಗಿ ಯಾರದೋ, ದಂಡ ನನಗ," ಎಂದ. "ಮಲಗಾವ್ರು ಅವರು, ಬಾಡಿಗಿ ಕೊಡಾಂವ ನಾನು. ಇದು ಯಾವ ಊರ ನ್ಯಾಯರಿ?"

"ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ," ಹುಲ್ಲಪ್ಪ ಕೊಕ್ಕೆ ಒರೆಸುತ್ತ ಹೇಳಿದ. "ಎಲ್ಲಾರೂ ನನ್ನ ಗಾಡ್ಯಾಗ ಎದ್ದು ಹೋಗ್ತಾರ. ಇಷ್ಟು ವರ್ಷ ಆತು, ಒಬ್ಬರೂ ಟಿಕೀಟ ತಗದಿಲ್ಲ."

ಸುನೀಲಕುಮಾರನಿಗೂ ನಗು ಬಂತು. ಶಿವಪುತ್ರನಿಗೆ ಬರಲಿಲ್ಲ. ಈ ಸಲ ಹಾಕಿದವರನ್ನು ಹಿಡಿಯದಿದ್ದರೆ ಕಚೇರಿಯ ಸಾಹೇಬರ ಮುಂದೆಯೇ ಬಂದು ಕೂಡುತ್ತೇನೆಂದು ಹೇಳಿ ಸುನೀಲಕುಮಾರ ಬೈಕು ಹತ್ತಿದ.

ಮಧ್ಯಾಹ್ನ ಶಿವಪುತ್ರ ಮನೆಗೆ ಬಂದಾಗ ಕರೆಂಟು ಹೋಗಿತ್ತು. ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ನಿಂತು, ಬೆಳಗಿನಿಂದ ಕಿವಿಗೆ ಅಂಟಿಕೊಂಡಿದ್ದ ಸದ್ದು ಕಳಚಿ ಬಿದ್ದಿತ್ತು. ಎರಡು ಮನೆ ಆಚೆ ಕಾಶಪ್ಪನ ಕೈಮಗ್ಗ ಮಾತ್ರ ಬಿಟ್ಟು ಬಿಟ್ಟು ಬಡಿಯುತ್ತಿತ್ತು. ಬಾಳವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಅವ್ವನ ಅಕ್ಕ ಅವಳು. ಗಂಡ ಸತ್ತ ಮೇಲೆ ತಂಗಿಯ ಮನೆಗೆ ಬಂದವಳು ಇಲ್ಲೇ ಉಳಿದಿದ್ದಳು. ಶಿವಪುತ್ರ ನೇರವಾಗಿ ನಿಚ್ಚಣಿಕೆ ಏರಿ ಅಟ್ಟದೊಳಗೆ ಕೈಯಾಡಿಸಿದ. ಹಳೆಯ ಕೊಡ, ಮುರಿದ ರಾಟಿ, ಅಪ್ಪನ ಕೊಡೆ. ಅವುಗಳ ಹಿಂದೆ, ಅವ್ವನ ಹಾಸಿಗೆಯ ಗಂಟು ಇರಬೇಕಾದ ಕಡೆ, ಧೂಳಿಲ್ಲದ ಒಂದಿಷ್ಟು ಜಾಗ.

"ಅಲ್ಲಿಲ್ಲ ಅದು," ಕೆಳಗಿನಿಂದ ಬಾಳವ್ವ ಅಂದಳು. "ನಸುಕಿನಾಗ ಸೀಮಿಗೆ ಒಗದು ಬಂದೇನಿ."

ಅವನು ನಿಚ್ಚಣಿಕೆಯ ಮೇಲೆಯೇ ನಿಂತ.

"ಒಗದು ಬಂದೆ ಅಂತ ನನ್ನ ಮುಂದ ಹೇಳಿದ್ದಿ. ನಾ ನಂಬಿದ್ದೆ. ಆದ್ರ ದಿನಾ ಮಟಮಟ ಮಧ್ಯಾಹ್ನಾತಂದ್ರ ನಿಮ್ಮವ್ವ ಬಂದು ನಿಚ್ಚಣಿಕಿ ಕೆಳಗ ನಿಲ್ಲತಿದ್ಲು. ಮಾತಿಲ್ಲ ಕತಿಯಿಲ್ಲ, ಮ್ಯಾಲ ನೋಡೂದು, ನಿಲ್ಲೂದು. ಏರಾಕ ಬರೂದಿಲ್ಲ ಆಕಿಗೆ. ಮೊಣಕಾಲ ನೋವು ಇತ್ತಲ್ಲ." ಬಾಳವ್ವ ಮೊರದಿಂದ ಒಂದು ಹರಳು ಹೆಕ್ಕಿ ಬಾಗಿಲಾಚೆ ಎಸೆದಳು. "ನಿನ್ನೆ ನಾನಽ ಏರಿ ನೋಡಿದೆ."

ನಸುಕಿನಲ್ಲಿ ಯಾರಾದರೂ ನೋಡಿದರೇ ಎಂದು ಅವನು ಕೇಳಿದ. ತಾನು ಮೊದಲು ಕೇಳಿದ್ದು ಅದನ್ನು ಎಂಬುದು ಕೇಳಿದ ಮೇಲೆ ಅರಿವಾಯಿತು. ದೊಡ್ಡವ್ವ ಅವನ ಮುಖವನ್ನೇ ನೋಡಿದಳು. ನೋಡಿದರೆ ನೋಡಲಿ, ತಾನೇನು ಕಳವು ಮಾಡಿಲ್ಲ ಎಂದಳು. ಕಾಯಿದೆಯ ಮಾತು ಅವನ ಬಾಯಿಂದ ಅರ್ಧ ಬರುವಷ್ಟರಲ್ಲಿ ತಡೆದಳು.

"ನಿನ್ನ ಕಾಯಿದೆ ಬದುಕಿದ್ದವ್ರಿಗೆ ಹೇಳಪಾ. ಆಕಿ ಎಷ್ಟ ದಿನ ನಿಂತಽ ಇರಬೇಕು?"

ಅವ್ವ ಹೋದದ್ದು ಮಳೆಗಾಲದ ಕೊನೆಗೆ. ಮಣ್ಣು ಮಾಡಿ ಬಂದ ಸಂಜೆ ಅವನು ಗಂಟನ್ನು ಬೈಕಿಗೆ ಕಟ್ಟಿಕೊಂಡು ಹುನಗುಂದದ ರಸ್ತೆಯವರೆಗೂ ಹೋಗಿದ್ದ. ಅಲ್ಲಿ ಕಚೇರಿಯ ಫಲಕವಿತ್ತು, ಇಲ್ಲಿ ಕಸ ಎಸೆಯುವುದು ಶಿಕ್ಷಾರ್ಹ ಎಂದು. ಹಿಂದಿನ ತಿಂಗಳು ಮುಂದೆ ನಿಂತು ನೆಡಿಸಿದವನು ಅವನೇ. ಸ್ವಲ್ಪ ಹೊತ್ತು ನಿಂತು ತಿರುಗಿ ಬಂದ. ಬಾಳವ್ವ ಬಚ್ಚಲಿನಲ್ಲಿದ್ದಾಗ ಹಿಂದಿನ ಬಾಗಿಲಿನಿಂದ ತಂದು ಅಟ್ಟಕ್ಕೇರಿಸಿದ. ನೌಕರಿಗೆ ಹೆದರಿ ಹೀಗೆ ಮಾಡಿದೆ ಎಂದು ತನಗೆ ತಾನು ಹೇಳಿಕೊಂಡ. ಆದರೆ ಆಮೇಲೆ, ದೊಡ್ಡವ್ವ ಹೊರಗೆ ಹೋದಾಗಲೆಲ್ಲ, ಏರಿ ಆ ಗಂಟಿಗೆ ಮುಖ ಒತ್ತಿ ನಿಲ್ಲುತ್ತಿದ್ದ. ಬೇವಿನೆಣ್ಣೆ, ಮುಲಾಮು, ಬೆವರು. ಕಾಯಿದೆಗೆ ಹೆದರಿ ಇಟ್ಟುಕೊಂಡನೋ, ಇಟ್ಟುಕೊಳ್ಳಲು ಕಾಯಿದೆಯ ನೆಪ ಸಿಕ್ಕಿತೋ, ಅವನಿಗೇ ಗೊತ್ತಿರಲಿಲ್ಲ.

ಸಾಹೇಬರು ಆ ಮಧ್ಯಾಹ್ನವೇ ಕರೆಸಿದರು. ಸುನೀಲಕುಮಾರ ಬಂದು ಕೂತು, ಚಹಾ ಕುಡಿದು, ಮೇಲಿನವರಿಗೆ ಬರೆಯುತ್ತೇನೆಂದು ಹೇಳಿಹೋಗಿದ್ದ. ಹುಲ್ಲಪ್ಪ ಬಾಗಿಲ ಬಳಿ ನಿಂತಿದ್ದ. ಹಾಸಿಗೆಯ ಗಂಟೆಂದರೆ ಪತ್ತೆ ಸುಲಭ ಎಂದರು ಸಾಹೇಬರು. ಆ ಕಡೆಯ ಓಣಿಗಳಲ್ಲಿ ಈಚೆಗೆ ಸತ್ತವರು ಯಾರು? ಹುಲ್ಲಪ್ಪ ಸ್ವಲ್ಪ ಯೋಚಿಸಿ, ನೇಕಾರ ಕಾಶಪ್ಪನ ಹೆಂಡತಿ ಗುರುಲಿಂಗವ್ವ ಎಂದ. ಬೇರೆ ಯಾರೂ ಅವನ ನೆನಪಿಗೆ ಬರಲಿಲ್ಲ; ಶಿವಪುತ್ರನ ಅವ್ವ ಹೋಗಿ ತಿಂಗಳುಗಳೇ ಆಗಿದ್ದವು. ಗುರುಲಿಂಗವ್ವನನ್ನು ಮಣ್ಣು ಮಾಡಿ ಹದಿನೈದು ದಿನವಾಗಿರಬೇಕು. ಅಷ್ಟು ದಿನ ಬಿಟ್ಟು ಯಾರು ಎಸೆಯುತ್ತಾರೆ ಎಂದು ಹುಲ್ಲಪ್ಪನೇ ಅನುಮಾನಿಸಿದ.

ಸಾಹೇಬರಿಗೆ ಅನುಮಾನವಿರಲಿಲ್ಲ. ದಂಡಕ್ಕೆ ಹೆದರಿ ಮನೆಯೊಳಗೆ ಮುಚ್ಚಿಟ್ಟಿರುತ್ತಾರೆ, ಮನೆಯವರಿಗೆ ಅಂಜಿಕೆ ಶುರುವಾಗಿರುತ್ತದೆ, ತಾಳಲಾರದೆ ಒಂದು ದಿನ ನಸುಕಿನಲ್ಲಿ ಹೋಗಿ ಎಸೆದಿರುತ್ತಾರೆ ಎಂದರು. ತನ್ನ ಮನೆಯಲ್ಲಿ ನಡೆದದ್ದನ್ನು ಅಷ್ಟು ಸರಿಯಾಗಿ ಬೇರೊಬ್ಬರ ಬಾಯಲ್ಲಿ ಕೇಳುತ್ತ ಶಿವಪುತ್ರ ಮೇಜಿನ ಅಂಚು ಹಿಡಿದು ನಿಂತಿದ್ದ. ಈ ಮಾತು ಮುಗಿದ ಕೂಡಲೇ ಹೇಳಿಬಿಡಬೇಕು ಅಂದುಕೊಂಡ. ಸಾಹೇಬರು ಮಾತು ಮುಂದುವರಿಸಿದರು. ಗುತ್ತಿಗೆಯವರನ್ನು ಮುಂದುವರಿಸುವ ಹೊತ್ತು ಇದು, ಎಲ್ಲರೂ ಕೆಲಸ ಮಾಡಿ ತೋರಿಸಬೇಕು. ಮದುವೆಯ ಎಂಜಲೆಲೆಗಳನ್ನು ಹಳ್ಳಕ್ಕೆ ಸುರಿದು ಸಿಕ್ಕಿಬಿದ್ದ ನಮ್ಮದೇ ಡ್ರೈವರ್ ಈಗ ಎಲ್ಲಿದ್ದಾನೆ, ಗೊತ್ತಲ್ಲ? ಕಾಯಿದೆ ಹೇಳುವವರ ಮನೆಯಲ್ಲೇ ಕಾಯಿದೆ ಮುರಿದರೆ ಮೊದಲು ಬಾಗಿಲು ತೋರಿಸುವುದು ಅವರಿಗೇ.

"ನಾಳೆ ಕಾಶಪ್ಪನ ಮನಿಗೆ ನೋಟೀಸ್ ಕೊಟ್ಟ ಬರ್ರಿ," ಎಂದರು.

ಶಿವಪುತ್ರ, ಆಗಲಿ ರೀ ಅಂದ.

ಹೊತ್ತು ಇಳಿಯುವ ಮುಂಚೆ ಅವನು ಊರಾಚೆಯ ಕಸದ ಗುಂಡಿಗೆ ಹೋದ. ಅದು ಕಲ್ಲು ತೆಗೆದು ಬಿಟ್ಟ ಹಳೆಯ ಗಣಿ. ಸುತ್ತ ಕೆಂಪು ಬಂಡೆ, ನಡುವೆ ಊರಿನ ಕಸ. ಕೌದಿ ಸಿಕ್ಕರೆ ತೆಗೆದುಕೊಂಡು ಹೋಗಿ ಸಾಹೇಬರ ಮುಂದಿಡುತ್ತೇನೆ, ಇದು ನಮ್ಮ ಮನೆಯದು ಎನ್ನುತ್ತೇನೆ. ದಾರಿಯುದ್ದಕ್ಕೂ ಇದೇ ಮಾತು. ಟ್ರ್ಯಾಕ್ಟರುಗಳು ಬಟ್ಟೆಬರೆಯನ್ನು ಸುರಿಯುವುದು ಬಂಡೆಯ ನೆರಳಿನ ಬದಿಗೆ. ಅಲ್ಲಿಗೆ ಇಳಿದವನು ನಿಂತುಬಿಟ್ಟ. ಒಂದರ ಪಕ್ಕ ಒಂದು, ಒಂದರ ಮೇಲೊಂದು ಹಾಸಿಗೆಗಳು. ಅರಳೆ ಕಿತ್ತ ಗಾದಿಗಳು, ಬಿಸಿಲಿಗೆ ಬಣ್ಣ ಹೋದ ಕೌದಿಗಳು, ಎಣ್ಣೆ ಹಿಡಿದ ದಿಂಬುಗಳು. ಕೆಲವು ಗಾದಿಗಳಲ್ಲಿ ಮೈಯ ತಗ್ಗು ಹಾಗೇ ಇತ್ತು, ಇದೀಗ ಎದ್ದು ನೀರು ಕುಡಿಯಲು ಹೋದವರಂತೆ. ಒಂದು ನಾಯಿ ಅವುಗಳ ನಡುವೆ ಸುತ್ತಿ ಸುತ್ತಿ, ಎಲ್ಲಿಯೂ ಮಲಗದೆ, ಬಂಡೆಯ ಮೇಲೆ ಹೋಗಿ ಕೂತಿತು.

ಗಾಳಿ ಇರಲಿಲ್ಲ. ಆದರೂ ಅಲ್ಲೊಂದು ಉಸಿರಿತ್ತು, ಬಹಳ ಮಂದಿ ಮಲಗಿದ ಕೋಣೆಯಲ್ಲಿ ಇರುವಂಥದು. ತಾನು ಕಾಲನ್ನು ಸದ್ದಾಗದಂತೆ ಇಡುತ್ತಿದ್ದೇನೆ ಎಂದು ಅವನಿಗೆ ತಿಳಿದದ್ದು ಸ್ವಲ್ಪ ಹೊತ್ತಾದ ಮೇಲೆ. ಯಾವ ಕೌದಿಯನ್ನೂ ಅವನು ಎತ್ತಿ ನೋಡಲಿಲ್ಲ. ಎತ್ತಿದರೆ ಕೆಳಗೆ ಯಾರಾದರೂ ಕಣ್ಣು ಬಿಡಬಹುದು ಎಂಬ ಹುಚ್ಚು ಯೋಚನೆ ಬಂದು, ಹೋಗಲೊಲ್ಲದಾಯಿತು. ಬಂದ ದಾರಿಯಲ್ಲೇ ತಿರುಗಿ ಹೋದ.

ಮರುದಿನ ಹೊತ್ತೇರಿದ ಮೇಲೆ ಕಾಶಪ್ಪನ ಮನೆಗೆ ಹೋದ. ಕಟ್ಟೆಯ ಮೇಲೆ ಗುರುಲಿಂಗವ್ವನ ಅಣ್ಣ ಮಾಳಿಂಗರಾಯ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ. ಹುನಗುಂದದಿಂದ ವಾರಕ್ಕೊಮ್ಮೆ ಬಂದು ತಂಗಿಯ ಗಂಡನನ್ನು ನೋಡಿಹೋಗುವ ಹಿರಿಯ ಅವನು. ಬಾಗಿಲು ತೆರೆದಿತ್ತು. ಕಾಶಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆಯ ಸೆರಗು ನೇಯುತ್ತಿದ್ದ. ಕೆಂಪಿನೊಳಗೆ ಹಲ್ಲುಗಳಂಥ ಬಿಳಿಯ ಚಿತ್ತಾರಗಳು ಒಂದೊಂದಾಗಿ ಏಳುತ್ತಿದ್ದವು. ಪಕ್ಕದಲ್ಲಿ ನೂಲು ಸುತ್ತುವ ರಾಟಿ. ಅದರ ಮುಂದಿನ ಮಣೆ ಖಾಲಿ. ಈಗ ನೂಲು ಸುತ್ತುವವನೂ ಅವನೇ, ನೇಯುವವನೂ ಅವನೇ. ನಿನ್ನೆ ಮಗ್ಗ ಬಿಟ್ಟು ಬಿಟ್ಟು ಬಡಿಯುತ್ತಿದ್ದುದು ಏಕೆಂದು ಶಿವಪುತ್ರನಿಗೆ ತಿಳಿಯಿತು.

"ಬಾರೋ ಶಿವಪುತ್ರ," ಎಂದ ಕಾಶಪ್ಪ. "ಕೂಡು, ಚಾ ಇಡತೇನಿ." ಆಮೇಲೆ ಅವನ ಕಣ್ಣು ಕೈಯಲ್ಲಿದ್ದ ಕಾಗದದ ಮೇಲೆ ಬಿತ್ತು. "ಏನ್ರಿ ಅದು?" ಎಂದ.

ಹುಟ್ಟಿದಾಗಿನಿಂದ ಏಕವಚನದಲ್ಲಿ ಕರೆದ ಮನುಷ್ಯ ಒಂದು ಕಾಗದ ನೋಡಿ ಬಹುವಚನಕ್ಕೆ ಹೋದ. ಶಿವಪುತ್ರ ತಲೆ ತಗ್ಗಿಸಿ ನೋಟೀಸನ್ನು ಓದಿದ. ಸುನೀಲಕುಮಾರನ ಜಾಗದಲ್ಲಿ ಸಿಕ್ಕ ಗಂಟು, ಸತ್ತವರ ಹಾಸಿಗೆ, ದಂಡ. ಓದುತ್ತ ಓದುತ್ತ ಎಲ್ಲಾದರೂ ದೃಷ್ಟಿ ಇಡಬೇಕಾಗಿ ಒಳಕೋಣೆಯ ಕಡೆ ನೋಡಿದ.

ಬಾಗಿಲು ಅರ್ಧ ತೆರೆದಿತ್ತು. ನೆಲದ ಮೇಲೆ ಇಬ್ಬರ ಹಾಸಿಗೆ ಹಾಸಿಯೇ ಇತ್ತು. ಈಚೆಯದು ಕಾಶಪ್ಪನದು, ಹೊದಿಕೆ ಮುದುಡಿ ಬಿದ್ದಿತ್ತು. ಗೋಡೆಯ ಬದಿಯದಕ್ಕೆ ಕೌದಿಯನ್ನು ದಿಂಬಿನ ಅಂಚಿನವರೆಗೂ ಎಳೆದು, ಎರಡೂ ಬದಿಯಲ್ಲಿ ಒಳಗೆ ಮಡಚಲಾಗಿತ್ತು, ಜ್ವರ ಬಂದು ಮಲಗಿದವರಿಗೆ ಹೊದಿಸಿದಂತೆ. ದಿಂಬಿನ ಬಳಿ ಒಂದು ತಂಬಿಗೆ ನೀರು, ಮೇಲೆ ಮುಚ್ಚಿದ ಬಟ್ಟಲು.

ಶಿವಪುತ್ರನ ಓದು ನಿಂತಿತು. ಕಾಶಪ್ಪ ಅವನ ಕಣ್ಣಿನ ಜಾಡು ಹಿಡಿದು ನೋಡಿದ. ರಾಟಿಯ ಮೇಲಿದ್ದ ನೂಲಿನ ಒಂದು ಎಳೆ ಅಲುಗುತ್ತಿತ್ತು.

ಕಟ್ಟೆಯಿಂದ ಮಾಳಿಂಗರಾಯನ ದನಿ ಬಂತು.

"ಹಾಸಿಗಿ ಎಲ್ಲಿ ಒಗದಿ, ಯಾವಾಗ ಒಗದಿ ಅಂತ ಕೇಳಿದ್ರ ಬಾಯಿ ಬಿಟ್ಟಿದ್ದಿಲ್ಲ ಇಂವ. ಮನ್ಯಾಗಽ ಇಟಗೊಂಡು ನಮ್ಮ ತಂಗೀನ ಕಟ್ಟಿಹಾಕ್ಯಾನೇನೋ ಅಂತ ನಾ ಅಂಜಿದ್ದೆ. ತಡಾ ಆದ್ರೂ ಒಗದಾನಲ್ಲ, ಅಷ್ಟು ಸಾಕು. ದಂಡ ಕಟ್ಟೋ ಕಾಶಪ್ಪ, ಹೋಗ್ಲಿ. ಆಕಿ ಹಾದಿ ಹಿಡದ್ಲು."

ಎಸೆದಿಲ್ಲ ಎಂದರೆ, ಹಾಗಾದರೆ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಎಲ್ಲಿದೆ ಎಂದು ತೋರಿಸಿದರೆ ಮಾಳಿಂಗರಾಯ ಇವತ್ತೇ ಅದನ್ನು ಎತ್ತಿಸಿ ಸೀಮೆಗೆ ಕಳಿಸುತ್ತಾನೆ. ಸತ್ತವರ ಹಾಸಿಗೆಯ ಪಕ್ಕ ದಿನವೂ ಮಲಗುವವನೆಂದು ಓಣಿಯಲ್ಲಿ ಕಾಶಪ್ಪನ ಕೈಯ ನೀರನ್ನೂ ಯಾರೂ ಮುಟ್ಟುವುದಿಲ್ಲ. ಇಷ್ಟನ್ನೂ ಕಾಶಪ್ಪ ಒಂದೇ ಉಸಿರಿನಲ್ಲಿ ಯೋಚಿಸಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಅವನು ಎರಡೂ ಕೈ ಊರಿ ಕುಣಿಯಿಂದ ಮೇಲೆದ್ದು, ನಡೆದುಹೋಗಿ, ಒಳಕೋಣೆಯ ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದ. ತಿರುಗಿ ಬಂದು ಶಿವಪುತ್ರನ ಎದುರು ನಿಂತ.

"ಬರಕೋರಿ," ಎಂದ. "ನಾನಽ ಒಗದೇನಿ."

ಆ ಕಣ್ಣುಗಳು ಬೇಡುತ್ತಿದ್ದವು, ಸುಮ್ಮನಿರು ಎಂದು. ಶಿವಪುತ್ರ ಸುಮ್ಮನಿದ್ದ. ಈ ಮನುಷ್ಯನ ಗುಟ್ಟು ಕಾಯಲೆಂದು ಸುಮ್ಮನಿದ್ದೇನೆ ಎನ್ನುವುದು ಆ ಹೊತ್ತಿಗೆ ಎಷ್ಟು ಸುಲಭವಾಗಿ ಒದಗಿ ಬಂತೆಂದರೆ, ಅದರ ಅಡಿಯಲ್ಲಿದ್ದ ಇನ್ನೊಂದನ್ನು ಅವನು ನೋಡಬೇಕಾಗಲೇ ಇಲ್ಲ. ಆ ಗಂಟು ಬೇರೆಯವರದು, ನೋಟೀಸು ತಪ್ಪಾಗಿದೆ ಎಂದು ಹೇಳಿ ಕಾಗದ ಹರಿಯಲು ಒಳಕೋಣೆಯ ಬಾಗಿಲು ತೆರೆಯಬೇಕಾಗಿರಲಿಲ್ಲ. ಕಾಶಪ್ಪ ಎಡಗೈಯಿಂದ ಕಾಗದವನ್ನು ಮಗ್ಗದ ಮರಕ್ಕೆ ಒತ್ತಿಹಿಡಿದು ಸಹಿ ಮಾಡಿದ.

ದಂಡ ಕಟ್ಟಿದ್ದಾಯಿತು. ಸುನೀಲಕುಮಾರ ತನ್ನ ಜಾಗಕ್ಕೆ ತಂತಿಯ ಬೇಲಿ ಹಾಕಿಸಿದ. ಸತ್ತವರ ಹಾಸಿಗೆಗಳು ಈಗ ಬೇಲಿಯಾಚೆ, ರಸ್ತೆಯ ತಗ್ಗಿಗೆ ಬೀಳುತ್ತವೆ. ಶಿವಪುತ್ರನ ಗುತ್ತಿಗೆ ಮುಂದುವರಿಯಿತು. ಮನೆಯಲ್ಲಿ ಬಾಳವ್ವ ಮತ್ತೆ ಮಧ್ಯಾಹ್ನ ಒಂದು ನಿದ್ದೆ ಮಾಡತೊಡಗಿದಳು. ಈಗ ಯಾರೂ ಬರುವುದಿಲ್ಲ ಎಂದು ಒಮ್ಮೆ ಸಮಾಧಾನದಿಂದ ಹೇಳಿದಳು. ಅವನು ಕೆಲವು ಮಧ್ಯಾಹ್ನ ಊಟಕ್ಕೆಂದು ಬಂದವನು ಉಣ್ಣದೆ, ದೊಡ್ಡವ್ವ ಮಲಗಿದ್ದನ್ನು ನೋಡಿಕೊಂಡು, ಪಡಸಾಲೆಯಲ್ಲಿ ಕಾಯುತ್ತ ಕೂತಿರುತ್ತಿದ್ದ. ಬಿಸಿಲು ಹೊಸ್ತಿಲು ದಾಟಿ ಬಂದು, ಗೋಡೆಯವರೆಗೂ ಹೋಗಿ, ಹಿಂದಿರುಗುತ್ತಿತ್ತು. ಬೇರೆ ಏನೂ ಬರಲಿಲ್ಲ. ತನಗೆ ಅವ್ವ ಒಮ್ಮೆಯೂ ಕಾಣಿಸಲಿಲ್ಲವಲ್ಲ ಎಂಬುದು ಅವನನ್ನು ಕಾಡಿದಷ್ಟು, ಕಂಡಿದ್ದರೂ ಕಾಡುತ್ತಿರಲಿಲ್ಲವೇನೋ.

ಬೇಸಿಗೆ ಮುಗಿಯುತ್ತಿದ್ದಾಗ ಒಂದು ದಿನ ಬಸ್ ನಿಲ್ದಾಣದಲ್ಲಿ ಕಾಶಪ್ಪ ಸಿಕ್ಕ. ಬಾದಾಮಿಯ ಕಡೆ ಬನಶಂಕರಿಗೆ ಹೊರಟಿದ್ದ. ಗುರುಲಿಂಗವ್ವ ಹರಕೆ ಹೊತ್ತದ್ದು ಹಾಗೇ ಉಳಿದಿತ್ತಂತೆ. ಕೃಶನಾಗಿದ್ದ. ಆದರೆ ಅಂಗಿ ಮಡಿಯಾಗಿತ್ತು, ತಲೆ ಬಾಚಿತ್ತು. ಕಲ್ಲು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಬಿಸಿಲಿನ ಮಾತು, ನೂಲಿನ ದರದ ಮಾತು ಮುಗಿದವು. ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಹೇಳಿದ.

"ಅವತ್ತ ನೀ ನೋಡಿದಿ. ನೋಡಿಯೂ ಸುಮ್ಮನಿದ್ದಿ. ಹೊಟ್ಟ್ಯಾಗ ಹುಟ್ಟಿದ ಮಗಾ ಇದ್ದಿದ್ರೂ ಅಷ್ಟು ಮಾಡತಿರಲಿಲ್ಲ."

ಕಾಶಪ್ಪ ಚೀಲವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡ.

"ಆದ್ರ ಒಂದ ಮಾತು. ಆ ಗಂಟು ಯಾರದೋ ಪಾಪ. ದಂಡಕ್ಕ ಅಂಜಿ ಇಟಗೊಂಡಿದ್ದ ಅಂತಾರ ಮಂದಿ, ಅಂವ ನಾನಽ ಅಂತ ತಿಳದು. ನನಗ ಹಂಗ ಅನಸೂದಿಲ್ಲ. ಒಗಿಯಾಕ ಕೈ ಬಂದಿರಲಿಕ್ಕಿಲ್ಲ." ಶಿವಪುತ್ರನತ್ತ ತಿರುಗಿ ಕೇಳಿದ, "ನಿನಗೇನರ ಗೊತ್ತಾತೇನು, ಯಾರದಂತ?"

ಬಾದಾಮಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕುಳಗೇರಿ ಕ್ರಾಸಿನವರು ಮೊದಲು ಹತ್ತಿರಿ ಎಂದು ಕೂಗುತ್ತಿದ್ದ. ಕಾಶಪ್ಪ ಎದ್ದು, ಉತ್ತರಕ್ಕಾಗಿ ಇನ್ನೂ ಅವನ ಮುಖವನ್ನೇ ನೋಡುತ್ತ ನಿಂತಿದ್ದ. ಶಿವಪುತ್ರ ಅವನ ಕೈಯ ಚೀಲ ತೆಗೆದುಕೊಂಡು, ಜನರ ನಡುವೆ ದಾರಿ ಮಾಡಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಅವನನ್ನು ಕೂರಿಸಿ ಕೆಳಗಿಳಿದ.

ಆ ಗಂಟು ತನ್ನ ಅವ್ವನದೆಂದೂ, ತಾನೂ ಅವನ ಹಾಗೆಯೇ ಅದನ್ನು ಎಸೆಯಲಾರದೆ ಮನೆಯಲ್ಲಿ ಇಟ್ಟುಕೊಂಡಿದ್ದೆನೆಂದೂ ಶಿವಪುತ್ರ ಕಾಶಪ್ಪನಿಗೆ ಎಂದೂ ಹೇಳಲಿಲ್ಲ.